ಮಹಡಿ ಮೇಲಿನ ಕಣ್ಣಿನ ಡಾಕ್ಟರು

ನಮ್ಮ ಮಹಡಿಗೆ ಬಾಡಿಗೆಗೆ ಬಂದ ಡಾಕ್ಟರು ಎದುರಿಗಿದ್ದವರ ಮಾತು ಕೇಳುವಾಗ ಎಡಗಣ್ಣು ಮುಚ್ಚಿಕೊಳ್ಳುತ್ತಿದ್ದರು. ಪೂರ್ತಿ ಮುಚ್ಚುವುದಲ್ಲ, ಅಂಗಡಿಯವನು ಊಟಕ್ಕೆ ಹೋಗುವಾಗ ಷಟರನ್ನು ಮುಕ್ಕಾಲು ಇಳಿಸಿ ಹೋಗುತ್ತಾನಲ್ಲ, ಹಾಗೆ. ಬಲಗಣ್ಣು ಮಾತ್ರ ದೊಡ್ಡದಾಗಿ ತೆರೆದುಕೊಂಡು ನಮ್ಮನ್ನೇ ನುಂಗುವಂತೆ ನೋಡುತ್ತಿತ್ತು. ಬಂದ ಮೊದಲ ದಿನ ಅಮ್ಮ ಅವರಿಗೆ ನಲ್ಲಿಯಲ್ಲಿ ನೀರು ಬರುವ ಹೊತ್ತು, ಕಸ ಹಾಕುವ ಜಾಗ ವಿವರಿಸುತ್ತಿದ್ದವಳು ಅರ್ಧಕ್ಕೇ ಮಾತು ನಿಲ್ಲಿಸಿ ಒಳಗೆ ಬಂದಳು.

"ಆ ಹುಡುಗ ನನಗೆ ಕಣ್ಣು ಹೊಡೆದ ಕಣೋ" ಎಂದಳು.

"ನಿನಗಾ? ಹಂಗಾದ್ರೆ ಮೊದ್ಲು ಅವ್ರ ಕಣ್ಣು ಟೆಸ್ಟ್ ಮಾಡಿಸ್ಬೇಕು" ಎಂದೆ. ಸೌಟು ನನ್ನ ಬೆನ್ನಿಗೆ ಬಿತ್ತು.

ಸಂಜೆಯೊಳಗೆ ನಾನು ಆ ಕಣ್ಣನ್ನು ಕಲಿತುಬಿಟ್ಟಿದ್ದೆ. ಗೋವಿಂದರಾಜನಗರದ ನಮ್ಮ ಬೀದಿಯಲ್ಲಿ ನಾನು ಅಣಕಿಸದ ಮನುಷ್ಯರಿರಲಿಲ್ಲ. ಕಾಲೇಜಿನಲ್ಲಿ ಹಾಜರಿ ಕರೆದರೆ ಬರದೇ ಇದ್ದ ಗೆಳೆಯರ ದನಿಯಲ್ಲೆಲ್ಲ "ಎಸ್ ಸಾರ್" ಅಂದು, ಕೊನೆಗೆ ನನ್ನ ಹೆಸರು ಬಂದಾಗ ನನ್ನ ದನಿ ಯಾವುದೆಂದು ಮರೆತು ಗೈರುಹಾಜರಾದ ಪ್ರತಿಭೆ ನನ್ನದು. ಮೆಟ್ಟಿಲ ಮೇಲೆ ಪಕ್ಕದ ಮನೆ ಹುಡುಗರಿಗೆ ಡಾಕ್ಟರ ಕಣ್ಣು ಮಾಡಿ ತೋರಿಸುತ್ತಿದ್ದಾಗ ಅವರೇ ಇಳಿದು ಬಂದರು. ನಾನು ಕಲ್ಲಾದೆ. ಅವರು ನಿಂತು, ಎಡಗಣ್ಣಿನ ಷಟರು ಇಳಿಸಿ, ನನ್ನನ್ನು ಪರೀಕ್ಷಿಸಿದರು.

"ತಪ್ಪು" ಎಂದರು. "ನಾನು ತಲೇನೂ ಸ್ವಲ್ಪ ವಾಲಿಸ್ತೀನಿ ಅನ್ಸುತ್ತೆ. ಸರಿಯಾಗ್ ನೋಡ್ಕೊಂಡು ಮಾಡಪ್ಪ."

ಅವತ್ತಿನಿಂದ ನಾನು ಅವರ ಶಿಷ್ಯ.

ಅವರ ತಂದೆಗೆ ತಿಪಟೂರಿನಲ್ಲಿ ಫೋಟೋ ಸ್ಟುಡಿಯೋ ಇತ್ತು. ಚಿಕ್ಕಂದಿನಿಂದ ಒಂದು ಕಣ್ಣು ಮುಚ್ಚಿ ಕ್ಯಾಮೆರಾದೊಳಗೆ ಇಣುಕಿ ಇಣುಕಿ, ಗಮನ ಕೊಡುವುದೆಂದರೆ ಒಂದು ಕಣ್ಣು ಮುಚ್ಚುವುದು ಎಂದೇ ಅವರಿಗೆ ರೂಢಿಯಾಗಿತ್ತು. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಗಿರಾಕಿಗಳ ಮೊಡವೆ, ಸಿಡುಬಿನ ಕಲೆ ಮರೆಸುವುದು ಅವರ ಕೆಲಸವಾಗಿತ್ತಂತೆ. "ಅರ್ಧ ತಿಪಟೂರಿನ ಹೆಣ್ಮಕ್ಕಳ ಮದುವೆ ನನ್ನ ಪೆನ್ಸಿಲ್ಲಿಂದ ಆಗಿದ್ದು" ಎನ್ನುತ್ತಿದ್ದರು.

ಅವರ ಜೊತೆ ಮಹಡಿಯಲ್ಲಿ ಇನ್ನೂ ಇಬ್ಬರಿದ್ದರು. ಮೂವರೂ ಎಂ.ಬಿ.ಬಿ.ಎಸ್. ಮುಗಿಸಿ ಕಣ್ಣಾಸ್ಪತ್ರೆಯಲ್ಲಿ ಹೆಚ್ಚಿನ ಓದಿಗೆ ಸೇರಿದವರು. ರಾಯಚೂರಿನವರೊಬ್ಬರು, ಹಾರ್ಮೋನಿಯಂ ಹುಚ್ಚು. ರಾತ್ರಿ ಎಬ್ಬಿಸದ ಕಾಯಿಲೆ ಯಾವುದೆಂದು ಹುಡುಕಿ ಕಣ್ಣಿಗೆ ಬಂದವರು. ಇನ್ನೊಬ್ಬರು ಕೊಡಗಿನ ಹಾಕಿ ಗೋಲ್‌ಕೀಪರ್; ಚೆಂಡು ಬಡಿದು ಊದಿಕೊಂಡ ತನ್ನ ಕಣ್ಣನ್ನು ಉಳಿಸಿಕೊಟ್ಟ ಡಾಕ್ಟರ ಮೇಲಿನ ಭಕ್ತಿಯಿಂದ ಬಂದವರು. ನಮ್ಮವರನ್ನು ಕೇಳಿದರೆ, "ಬೆಳಕು ಬಿಟ್ರೆ ನಂಗೆ ಬೇರೇನೂ ಅರ್ಥ ಆಗಲ್ಲ. ಬೇರೆ ಕಡೆ ಹೋಗಿದ್ರೆ ಫೇಲಾಗ್ತಿದ್ದೆ" ಎಂದರು.

ಭಾನುವಾರ ಬೆಳಿಗ್ಗೆ ಮಹಡಿಯ ಬಚ್ಚಲುಮನೆ ನಮ್ಮ ಡಾಕ್ಟರು ಫೋಟೋ ತೊಳೆಯುವ ಡಾರ್ಕ್‌ರೂಮ್. ಹೊರಗೆ ಹಾಕಿ ಗೋಲ್‌ಕೀಪರ್ ಟವೆಲ್ ಸುತ್ತಿಕೊಂಡು ಬಾಗಿಲು ಬಡಿಯುತ್ತಿದ್ದರು.

"ಬಾಗ್ಲು ತೆಗಿಯೋ!"

"ತೆಗೆದ್ರೆ ಫೋಟೋ ಹಾಳಾಗುತ್ತೆ!"

"ತೆಗೀದಿದ್ರೆ ನಾನು ಹಾಳಾಗ್ತೀನಿ!"

ಬೀದಿಯ ಮುದುಕಮುದುಕಿಯರೆಲ್ಲರ ಫೋಟೋ ತೆಗೆದು ಅವರೇ ಹಂಚುತ್ತಿದ್ದರು. ಕಾಸು ಕೊಡಲು ಹೋದರೆ, "ಬೇಡ, ಒಂದ್ಸಲ ಆಸ್ಪತ್ರೆಗೆ ಬನ್ನಿ, ಕಣ್ಣು ನೋಡ್ತೀನಿ" ಎನ್ನುವರು. ಇಂಥ ಲಂಚವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವರು ಥೀಸಿಸ್‌ಗೆ ಆರಿಸಿಕೊಂಡದ್ದು ಗ್ಲಾಕೋಮಾ. ಕಣ್ಣಿನೊಳಗೆ ಒತ್ತಡ ಏರಿ, ನೋಟ ಅಂಚಿನಿಂದ ಒಳಕ್ಕೆ ಸದ್ದಿಲ್ಲದೆ ಸವೆಯುವ ಕಾಯಿಲೆ. ನೋವಿಲ್ಲ. ಎದುರಿಗಿರುವುದು ಕೊನೆಯವರೆಗೂ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ತಾನಾಗಿ ಡಾಕ್ಟರ ಹತ್ತಿರ ಯಾರೂ ಬರುವುದಿಲ್ಲ. ವಂಶದಲ್ಲಿ ಹರಿಯುತ್ತದಾದ್ದರಿಂದ ಇವರು ರೋಗಿಗಳ ಅಣ್ಣ ತಮ್ಮ ಅಕ್ಕ ತಂಗಿಯರನ್ನು ಹುಡುಕಿಕೊಂಡು ನಾಯಂಡಹಳ್ಳಿ, ಕೆಂಗೇರಿ ಅಂತ ಸೈಕಲ್ ತುಳಿಯುತ್ತಿದ್ದರು. "ಹಳೇ ಫೈಲ್ ನೋಡಿ ಬರ್ಕೊಂಡು ಪಾಸ್ ಮಾಡ್ಕೊಳಯ್ಯ" ಎಂದು ಅವರ ಗೈಡ್ ಬೈದರೂ ಬಿಡಲಿಲ್ಲ. ಒಮ್ಮೆ ನಾನೂ ಕ್ಯಾರಿಯರ್ ಮೇಲೆ ಕೂತು ಹೋಗಿದ್ದೆ. ಲೇತ್ ಅಂಗಡಿಯವನೊಬ್ಬ, "ಕಣ್ಣು ಚೆನ್ನಾಗಿರೋರ್ನ ಯಾಕ್ ಸಾರ್ ಆಸ್ಪತ್ರೆಗೆ ಕರೀತೀರಾ? ಗಿರಾಕಿ ಇಲ್ವಾ?" ಎಂದು ಕೇಳಿದ. ವಾಪಸು ಬರುವಾಗ ದಾರಿಯುದ್ದಕ್ಕೂ ಅವನ ದನಿಯಲ್ಲಿ ಅದನ್ನೇ ಹೇಳಿ ಅವರನ್ನು ನಗಿಸಿದೆ.

ಆ ವರ್ಷ ಗಣೇಶನ ಪೆಂಡಾಲಿನಲ್ಲಿ ನನ್ನ ಹೊಸ ಐಟಂ, ನಮ್ಮ ಸೋದರಮಾವ. ಹೊಸಹಳ್ಳಿಯಲ್ಲಿದ್ದ ಮಾವ ಸಿಟಿ ಬಸ್ ಡ್ರೈವರ್, ಬೀದಿಗೆಲ್ಲ ಪರಿಚಿತರು. ಸ್ಟೂಲಿನ ಮೇಲೆ ಕೂತು ಸ್ಟೇರಿಂಗ್ ಹಿಡಿದೆ. ಕೋಳಿಯ ಹಾಗೆ ಪೂರ್ತಿ ಕತ್ತನ್ನೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದೆ. ಪಕ್ಕದಲ್ಲಿಟ್ಟ ಕಾಫಿ ಲೋಟವನ್ನು ಮೊಣಕೈಯಿಂದ ಬೀಳಿಸಿದೆ. ಗೆಳೆಯನೊಬ್ಬ ಪಕ್ಕದಿಂದ ಬಂದು ನಿಂತೊಡನೆ ಬೆಚ್ಚಿಬಿದ್ದು, ಮಾವನ ದನಿಯಲ್ಲೇ, "ಲೇ, ಎಲ್ಲಿಂದ ಉದುರಿದ್ಯೋ?" ಎಂದೆ. ಜನ ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿದ್ದ ಮಾವನೇ ಎಲ್ಲರಿಗಿಂತ ಜೋರಾಗಿ ನಕ್ಕರು.

ನಗದೇ ಇದ್ದವರು ಡಾಕ್ಟರೊಬ್ಬರೇ. ಪೆಂಡಾಲಿನ ಹಿಂದೆ ಬಂದು ನನ್ನ ತೋಳು ಹಿಡಿದರು.

"ಆ ಕತ್ತು ತಿರುಗ್ಸೋದು, ಲೋಟ ಬೀಳ್ಸೋದು ನೀನು ಸೇರ್ಸಿದ್ದಾ? ಇಲ್ಲ ಅವ್ರು ಹಂಗೇ ಮಾಡ್ತಾರಾ?"

"ಏನ್ ಸಾರ್ ಹಿಂಗಂತೀರಾ? ನಾನು ಮಸಾಲೆ ಹಾಕಲ್ಲ. ಇದ್ದಿದ್ದು ಇದ್ದಂಗೆ."

"ಹೋದ ವರ್ಷಾನೂ ಅವ್ರನ್ನ ಮಾಡಿದ್ಯಾ?"

"ಮಾಡಿದ್ದೆ. ಆಗ ಕತ್ತು ಇರ್ಲಿಲ್ಲ ಸಾರ್. ಬರೀ ಕೆಮ್ಮು, ಬೈಗುಳ. 'ಎಲ್ಲಿಂದ ಉದುರಿದ್ಯೋ' ಈ ವರ್ಷ ಶುರು ಮಾಡಿದ್ದು."

ಅವರ ಎಡಗಣ್ಣು ಮುಚ್ಚಿತು. "ನೀನು ಮಾಡಿದ್ದು ಮಿಮಿಕ್ರಿ ಅಲ್ಲ ಗುರು" ಎಂದರು. "ಭಾನುವಾರ ಅವ್ರನ್ನ ಮನೆಗೆ ಕರ್ಸು."

ಭಾನುವಾರ ನಮ್ಮ ಹಾಲಿನ ಗೋಡೆಗೆ ದೊಡ್ಡ ಕರಿಬಟ್ಟೆ ತೂಗುಬಿದ್ದಿತು. ಅವರಪ್ಪನ ಹಳೇ ಪೆಟ್ಟಿಗೆ ಕ್ಯಾಮೆರಾದ ಮೇಲೆ ಹೊದಿಸುತ್ತಿದ್ದ ಬಟ್ಟೆಗಳನ್ನು ಜೋಡಿಸಿ ಹೊಲಿದದ್ದು. ನಡುವೆ ಒಂದು ಬಿಳಿ ಚುಕ್ಕೆ. ಎದುರಿಗೆ ಕುರ್ಚಿ. ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಚುಕ್ಕೆಯನ್ನೇ ನೋಡುತ್ತಿರಬೇಕು. ಡಾಕ್ಟರು ಕರಿಕಡ್ಡಿಯ ತುದಿಗೆ ಬಿಳಿಮಣಿ ಸಿಕ್ಕಿಸಿ ಅಂಚಿನಿಂದ ಒಳಕ್ಕೆ ತರುತ್ತಾರೆ. ಕಂಡ ಕೂಡಲೇ "ಬಂತು" ಅನ್ನಬೇಕು.

ಮಾವನಿಗೆ ಸಂಶಯ ಬರಬಾರದೆಂದು ಮೊದಲು ಅಮ್ಮನನ್ನು ಕೂರಿಸಿದರು. ಅಮ್ಮ ಮಣಿ ಬಟ್ಟೆಯಂಚಿಗೆ ಬರುವ ಮೊದಲೇ "ಬಂತು ಬಂತು" ಎಂದಳು. ನಾನು ಕೂತೆ. ಬಂತು. ಆಮೇಲೆ ಮಾವ ಮೀಸೆ ತಿರುವಿ ಕೂತರು. ಮಣಿ ಅಂಚಿನಿಂದ ಹೊರಟಿತು. ಬಂದಿತು, ಇನ್ನೂ ಬಂದಿತು. ನಮಗೆಲ್ಲ ಕಾಣುತ್ತಿದೆ, ಮಾವ ಮಾತ್ರ ಸುಮ್ಮನೆ.

"ಶುರು ಮಾಡಿ ಸಾರ್" ಎಂದರು ಮಾವ.

ಮಣಿ ಮತ್ತೆ ಮತ್ತೆ ಬೇರೆ ಬೇರೆ ಅಂಚಿನಿಂದ ಒಳಕ್ಕೆ ಬಂದಿತು. ಡಾಕ್ಟರು ಮಾವ ಗುರುತಿಸಿದ ಜಾಗದಲ್ಲೆಲ್ಲ ಸೀಮೆಸುಣ್ಣದ ಚುಕ್ಕೆ ಇಟ್ಟು, ಅವನ್ನು ಸೇರಿಸಿ, "ನೋಡಿ ಅಣ್ಣ" ಎಂದರು. ಅಮ್ಮನಿಗೂ ಹೀಗೇ ಎಳೆದಿದ್ದ ಗೆರೆ ಬಟ್ಟೆಯಷ್ಟು ಅಗಲಕ್ಕಿತ್ತು. ಮಾವನದು ಊಟದ ತಟ್ಟೆಯಷ್ಟು.

"ನಮ್ಮಪ್ಪನೂ ಕೊನೇಲಿ ಗೋಡೆ ತಡವಿಕೊಂಡು ಓಡಾಡ್ತಿದ್ರು" ಎಂದಳು ಅಮ್ಮ ಮೆಲ್ಲಗೆ. "ವಯಸ್ಸಾಯ್ತು ಅಂದ್ಕೊಂಡ್ವಿ."

"ಹೋಗಿರೋದು ವಾಪಸ್ ಬರಲ್ಲ ಅಣ್ಣ. ಔಷಧಿ ಹಾಕಿದ್ರೆ ಇರೋದನ್ನ ಉಳಿಸ್ಕೋಬಹುದು. ಆದ್ರೆ ಇನ್ಮೇಲೆ ಬಸ್ ಓಡಿಸ್ಬಾರ್ದು."

ಮಾವ ಎದ್ದು ನಿಂತರು. "ಏನ್ ಸಾರ್ ತಮಾಷೆನಾ? ಇಷ್ಟು ವರ್ಷದಲ್ಲಿ ಒಂದು ನಾಯಿಗೂ ತಗುಲ್ಸಿಲ್ಲ ನಾನು. ಬೋರ್ಡು ಓದ್ಲಾ? ದೂರದಲ್ಲಿರೋ ಬಸ್ ನಂಬರ್ ಹೇಳ್ಲಾ?"

"ಬೋರ್ಡು ಕಾಣುತ್ತೆ. ಸ್ಟಾಪಲ್ಲಿ ಎಡಗಡೆ ನಿಂತಿರೋ ಮಗು ಕಾಣಲ್ಲ. ಕಾಣಲ್ಲ ಅನ್ನೋದೂ ನಿಮಗೆ ಗೊತ್ತಾಗಲ್ಲ."

"ಸ್ಟೇರಿಂಗ್ ಬಿಟ್ರೆ ನಂಗೆ ಬೇರೇನ್ ಬರುತ್ತೆ ಹೇಳಿ? ಯಾರಿಗೂ ಹೇಳ್ಬೇಡಿ ಸಾರ್. ಕೈ ಮುಗೀತೀನಿ."

ಡಾಕ್ಟರಿಗೆ ಆಗ ಇಪ್ಪತ್ತೇಳೋ ಇಪ್ಪತ್ತೆಂಟೋ. ಮಾವ ಅವರ ಅಪ್ಪನ ವಯಸ್ಸಿನವರು. ಕಡ್ಡಿಯನ್ನು ಕುರ್ಚಿಯ ಮೇಲಿಟ್ಟರು. "ನೀವೇ ಡಿಪೋಲಿ ಹೇಳಿ ಅಣ್ಣ, ಜೊತೆಗೆ ನಾನು ಬರ್ತೀನಿ. ಬೇರೆ ಕೆಲಸ ಕೊಡಿ ಅಂತ ಕೇಳೋಣ. ಆದ್ರೆ ಹೇಳ್ದೇ ನಾಳೆ ಗಾಡಿ ಹತ್ತಿದ್ರೆ ನಾನೇ ಹೋಗಿ ಹೇಳ್ತೀನಿ."

ಮಾವ ಚಪ್ಪಲಿ ಮೆಟ್ಟಿ ಹೊರಟರು. ಹೋಗುವಾಗ ನನ್ನ ಕಡೆ ತಿರುಗಿ, "ನಿನ್ನ ಕೋತಿಯಾಟದಿಂದ ನನ್ನ ಅನ್ನ ಹೋಯ್ತಲ್ಲೋ" ಎಂದರು.

ಮರುದಿನ ಬೆಳಗಾಗುತ್ತಲೇ ಡಾಕ್ಟರು ಮಾವನ ಮನೆ ಬಾಗಿಲಲ್ಲಿದ್ದರು. ಆಸ್ಪತ್ರೆಯ ರೌಂಡ್ಸ್ ತಪ್ಪಿಸಿ, ಡಿಪೋ ಮ್ಯಾನೇಜರ ಮುಂದೆ ಮಾವನ ಪರವಾಗಿ ವಕೀಲರ ಹಾಗೆ ವಾದಿಸಿ, ಲೈಟ್ ಡ್ಯೂಟಿ ಕೊಡಿಸಿದರು: ಗಾಡಿ ಬಂದ ಹೋದ ಹೊತ್ತು ಬರೆದುಕೊಳ್ಳುವ ಕೆಲಸ. ಸಂಜೆ ಗೈಡ್ ಹತ್ತಿರ ಹೊಟ್ಟೆ ತುಂಬ ಬೈಸಿಕೊಂಡರು. ಮಾವ ಮಾತ್ರ ಅವರೊಡನೆ ಮಾತು ಬಿಟ್ಟರು.

ಕಷ್ಟ ಶುರುವಾದದ್ದು ಆಮೇಲೆ. ಕಣ್ಣಿಗೆ ಹನಿ ದಿನಕ್ಕೆ ನಾಲ್ಕು ಸಲ. ಹಾಕಿದರೆ ಉರಿ, ಹುಬ್ಬಿನ ಮೇಲೆ ನೋವು, ಒಂದಷ್ಟು ಹೊತ್ತಿನವರೆಗೆ ಎಲ್ಲ ಮಬ್ಬು. "ಔಷಧಿ ಹಾಕಿದ್ಮೇಲೇ ಕುರುಡಾಗ್ತಾ ಇದೀನಿ" ಎಂದು ಮಾವ ಅತ್ತೆಯ ಮೇಲೆ ಕೂಗುವರು. ಅತ್ತೆ ಬಾಟಲಿ ಹಿಡಿದು ಅವರ ಹಿಂದೆ ಮಗುವಿಗೆ ಅನ್ನ ತಿನ್ನಿಸುವವಳಂತೆ ಅಲೆಯುವಳು. ಡಾಕ್ಟರು ಆಸ್ಪತ್ರೆಗೆ ಹೋಗುವ ಮುನ್ನ ಹೊಸಹಳ್ಳಿಗೆ ಸೈಕಲ್ ತುಳಿದು, ತಾವೇ ಹನಿ ಹಾಕಿ, "ಬರ್ತೀನಿ ಅಣ್ಣ" ಅನ್ನುವರು. ಮಾವ ಹನಿ ಹಾಕುವಾಗ ಸೂರಿಗೆ ಕಣ್ಣು ಕೊಟ್ಟು, ಹಾಕಿದ ಮೇಲೆ ಗೋಡೆಗೆ ಮುಖ ಕೊಟ್ಟು, ಮಾತು ಮಾತ್ರ ಕೊಡುತ್ತಿರಲಿಲ್ಲ.

"ನಿಮಗ್ಯಾಕ್ ಸಾರ್ ಈ ಕರ್ಮ? ಕಣ್ಣಿನ ಪೊರೆ ತೆಗೆಯೋ ಡಾಕ್ಟ್ರನ್ನ ಜನ ದೇವ್ರು ಅಂತಾರೆ. ನಿಮ್ಮನ್ನ ಶನಿ ಅಂತಾರೆ" ಎಂದು ನಾನೊಮ್ಮೆ ಕಿಚಾಯಿಸಿದೆ.

"ಪೊರೆ ತೆಗೆದ್ರೆ ಮಾರನೇ ದಿನ ಲೋಕ ಕಾಣುತ್ತೆ, ಕೈ ಮುಗೀತಾರೆ" ಎಂದರು. "ನಂದು ಎಲ್ಲಾ ಸರಿಯಾಗ್ ನಡೆದ್ರೆ ಏನೂ ಆಗಲ್ಲ. ಏನೂ ಆಗ್ದೇ ಇದ್ದಿದ್ದಕ್ಕೆ ಯಾರು ಹಾರ ಹಾಕ್ತಾರೆ ಹೇಳು."

ಈಗ ಅವರು ದೂರದ ಜಿಲ್ಲಾ ಆಸ್ಪತ್ರೆಯಲ್ಲಿದ್ದಾರೆ. ಅಮ್ಮನೂ ನಾನೂ ವರ್ಷಕ್ಕೊಮ್ಮೆ ಕಣ್ಣಾಸ್ಪತ್ರೆಗೆ ಹೋಗಿ ನೋಡಿಸಿಕೊಂಡು ಬರುತ್ತೇವೆ. ಅದು ಅವರು ನಮಗೆ ಹಚ್ಚಿ ಹೋದ ಚಾಳಿ. ಅವರ ಋಣ ಎಷ್ಟೆಂದು ನನಗೆ ಗೊತ್ತಾದದ್ದು ಅವರು ಊರು ಬಿಡುವ ಹಿಂದಿನ ಭಾನುವಾರ.

ಅವತ್ತು ಮತ್ತೆ ಕರಿಬಟ್ಟೆ ತೂಗುಹಾಕಿದರು. ಅತ್ತೆಯ ಬಲವಂತಕ್ಕೆ ಮಾವ ಬಂದು ಗುಮ್ಮನಂತೆ ಕೂತರು. ಬಿಳಿಮಣಿ ಅಂಚಿನಿಂದ ಹೊರಟಿತು. ಮುಗಿದ ಮೇಲೆ ಡಾಕ್ಟರು ಹೊಸ ಗೆರೆಯನ್ನು ಹಾಳೆಗಿಳಿಸಿ, ಹೋದ ವರ್ಷ ಹೀಗೇ ಇಳಿಸಿಟ್ಟುಕೊಂಡಿದ್ದ ಹಾಳೆಯ ಮೇಲಿಟ್ಟು, ನೆಗೆಟಿವ್ ನೋಡುವಂತೆ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ಗೆರೆಯ ಮೇಲೆ ಗೆರೆ ಕೂತಿತ್ತು.

"ಹಾಗೇ ಇದೆ!" ಎಂದು ಕೂಗಿದರು. ನನ್ನನ್ನು ತಬ್ಬಿಕೊಂಡು ಒಂದು ಸುತ್ತು ತಿರುಗಿಸಿದರು. "ಹಾಗೇ ಇದೆ ಗುರು, ಹಾಗೇ ಇದೆ!"

ಮಾವ ಒಂದು ವರ್ಷದ ಮೇಲೆ ಮೊದಲ ಸಲ ಅವರೊಡನೆ ಬಾಯಿಬಿಟ್ಟರು. "ಏನ್ ಸಾರ್, ವಾಸಿ ಆಗಿದ್ಯಾ?"

"ಇಲ್ಲ ಅಣ್ಣ. ಹಾಗೇ ಇದೆ."

"ಮತ್ತೆ ಅದಕ್ಯಾಕ್ ಸಾರ್ ಹಿಂಗ್ ಕುಣೀತೀರಾ?"

ಡಾಕ್ಟರು ಮುಖ ಒರೆಸಿಕೊಳ್ಳುತ್ತಾ ನಗುತ್ತಿದ್ದರು. ಮಾವ ಅವರನ್ನೇ ನೋಡುತ್ತಾ ಕೂತರು. ಆಮೇಲೆ ಗೋಡೆ ಗಡಿಯಾರದತ್ತ ಕತ್ತು ತಿರುಗಿಸಿ, ಅತ್ತೆಗೆ ಹೇಳಿದರು:

"ಟೈಮ್ ಆಯ್ತಲ್ವೇನೇ? ಎಲ್ಲಿ, ಆ ಬಾಟ್ಲಿ ತಾ."