ರೇಷ್ಮೆ ಲಾರಿಗೆ ಮೆರುಗು ಕೊಟ್ಟ ಮಧ್ಯಾಹ್ನ

ಮೈಸೂರು ಮಹಾರಾಜರ ಕಾಲದ ಮಾತು. ನನಗೆ ಹಿರಿಮಗಳು ಹುಟ್ಟಿದ ವರ್ಷದ ಆಷಾಢ. ಚಿತ್ರದುರ್ಗದ ಬೀದಿಗೆ ಲಾರಿ ಬಂದರೆ ಜನ ಕೈಕೆಲಸ ಬಿಟ್ಟು ನಿಂತು ನೋಡುತ್ತಿದ್ದರು. ನಾನು ಹೊಸದುರ್ಗದ ಕಡೆಯ ಚಿತ್ರಗಾರ. ಊರೂರಿನ ಅಮ್ಮನವರ ಮರದ ವಿಗ್ರಹಗಳಿಗೆ ಬಣ್ಣ ಹಾಕುವುದು ನಮ್ಮ ಮನೆತನದ ಕಸುಬು. ಲಾರಿಗೆ ಬಣ್ಣ ಬಳಿ ಎಂದು ಬೇರೆ ಯಾರಾದರೂ ಅಂದಿದ್ದರೆ ಜಗಳಕ್ಕೇ ಹೋಗುತ್ತಿದ್ದೆ. ಆದರೆ ಕರೆದವರು ಅಕ್ಕನ ಗಂಡ ರುದ್ರಣ್ಣ. ಅವರ ಸಾಹುಕಾರರು ಹಿರಿಯೂರಿನಲ್ಲಿ ಹಳೆಯ ಲಾರಿಯೊಂದನ್ನು ಕೊಂಡಿದ್ದರು, ಓಡಿಸುವವರು ಭಾವನೇ. ಇಲ್ಲ ಅನ್ನುವುದು ಹೇಗೆ?

ಅದರಲ್ಲಿ ಮೊಳಕಾಲ್ಮೂರಿನ ರೇಷ್ಮೆ ಸೀರೆ ಸಾಗಿಸಬೇಕಿತ್ತು. ಲಾರಿಯ ಹಿಂಭಾಗ ಪೂರಾ ಮುಚ್ಚಿದ ಮರದ ಪೆಟ್ಟಿಗೆ. ಮೇಲೆ ತಗಡು, ನೆತ್ತಿಯಲ್ಲಿ ಜಾಲರಿಯ ಸಣ್ಣ ಗವಾಕ್ಷಿ, ಹಿಂದುಗಡೆ ಎರಡು ಕದ, ಚಿಲಕ ಹೊರಗೆ ಮಾತ್ರ. ಒಳಗಿನ ಹಲಗೆಗೆ ಸೀರೆಯ ಒಂದು ಎಳೆಯೂ ಸಿಕ್ಕಬಾರದು ಎಂದು ಸಾಹುಕಾರರ ಆಜ್ಞೆ. ಹಳೆ ಬಣ್ಣ ಕೆರೆದೆ, ಬಿರುಕು ತುಂಬಿದೆ, ಉಜ್ಜಿದೆ, ಬಳಿದೆ, ಮತ್ತೆ ಉಜ್ಜಿದೆ. ರೇಷ್ಮೆ ಚೂರೊಂದನ್ನು ಹಲಗೆಯ ಮೇಲೆ ಎಳೆಯುವುದು, ತಡೆದ ಕಡೆ ಮತ್ತೆ ಉಜ್ಜುವುದು. ಹೊರಮೈಯಂತೂ ಹೆಣ್ಣುಮಕ್ಕಳು ಮುಖ ನೋಡಿಕೊಂಡು ಕುಂಕುಮ ಇಡುವಷ್ಟು ಹೊಳೆಯಿತು. ಜಂಬ ಅಂತ ಬೇಕಾದರೆ ಅಂದುಕೊಳ್ಳಿ.

ಕೊನೆಗೆ ಉಳಿದದ್ದು ಒಳಗಿನ ವಾರ್ನಿಷ್. ನಮ್ಮಲ್ಲೊಂದು ಕಟ್ಟಳೆ ಇದೆ. ಅಮ್ಮನಿಗೆ ಕೊನೆಯ ಕೈ ಹಾಕುವಾಗ ಚಿತ್ರಗಾರ ಬಾಯಿಗೆ ಬಟ್ಟೆ ಕಟ್ಟಿ, ಮಾತು ಬಿಟ್ಟು, ಕದ ಮುಚ್ಚಿಕೊಳ್ಳಬೇಕು. ಅವನಾಗಿ ಹೊರಬರುವ ತನಕ ಯಾರೂ ಕೂಗಬಾರದು, ಕದ ಮುಟ್ಟಬಾರದು. ಲಾರಿಗೆ ಅದೆಲ್ಲ ಯಾಕೆ ಬೇಕಿತ್ತೋ, ಅಭ್ಯಾಸಬಲ! ಭಾವನಿಗೆ ಹಾಗೇ ಹೇಳಿ, ಧೂಳು ಬಾರದಂತೆ ಕದ ಎಳೆದುಕೊಂಡೆ. ಮುಂದಿನ ಗೋಡೆಯಿಂದ ಶುರು ಮಾಡಿ, ನೆಲಕ್ಕೂ ಬಳಿಯುತ್ತ, ಹಿಂದೆ ಹಿಂದೆ ಸರಿದು ಕದದ ಹತ್ತಿರ ಬಂದೆ.

ಕೆಲಸ ಮುಗಿಸಿ ತಳ್ಳಿದರೆ ಕದ ಅಲುಗಲಿಲ್ಲ. ಆಷಾಢದ ಗಾಳಿಗೆ ಹೊರಗಿನ ಚಿಲಕ ಬಿದ್ದಿತ್ತು. ಒಳಗೆಲ್ಲ ವಾರ್ನಿಷ್ ಘಾಟು, ನೆತ್ತಿಯ ಮೇಲೆ ಕಾದ ತಗಡು. ಬಟ್ಟೆ ಕಿತ್ತೆಸೆದು ಕೂಗಿದರೆ ಆ ಘಾಟಿಗೆ ದನಿಯೇ ಹೊರಡಲಿಲ್ಲ. ಕದ ಬಡಿದೆ. ಭಾವ ಹೊರಗೇ ಇದ್ದರು, ಆದರೆ ಬರಬೇಡಿ ಎಂದವನು ನಾನೇ. ಎಳೆಕೂಸಿನ ಮುಖ ಕಣ್ಣಮುಂದೆ ಬಂದು ಗಳಗಳನೆ ಅತ್ತುಬಿಟ್ಟೆ. ಆಮೇಲೆ ಕುಸಿದು ಬಿದ್ದೆ.

ಎಚ್ಚರವಾದಾಗ ಹುಣಸೆಮರದ ಕೆಳಗೆ ಮಲಗಿದ್ದೆ. ಭಾವ ಮುಖಕ್ಕೆ ನೀರು ಚಿಮುಕಿಸುತ್ತಿದ್ದರು. ಬಡಿತ ಕೇಳಿಸಿದರೂ, ಏನೋ ಹಲಗೆ ಕೆಲಸ ಎಂದುಕೊಂಡು ಸುಮ್ಮನಿದ್ದರಂತೆ. ಮತ್ತೆ ಯಾಕೆ ಕದ ತೆಗೆದಿರಿ ಎಂದು ಕೇಳಿದೆ.

"ನೀನು ಕದದತ್ರ ಬಡೀತಿದ್ದೆ. ಅದು ನಿಂತ್ಮೇಲೆ ಮುಂದ್ಗಡೆ ಗೋಡೆಯಿಂದ ಬಡಿಯಾಕೆ ಶುರುವಾತು. ಒಳಗೆ ಇನ್ಯಾರನ್ನ ಕರ್ಕಂಡಿದೀಯ ಅಂತ ನೋಡಾಕೆ ತೆಗೆದೆ ಕಣಪ್ಪ."

ಇಬ್ಬರೂ ಹೋಗಿ ಬಗ್ಗಿ ನೋಡಿದೆವು. ನೆಲದ ವಾರ್ನಿಷ್ ಇನ್ನೂ ಹಸಿಯಾಗಿತ್ತು. ಕದದ ಬಳಿ ನಾನು ಬಿದ್ದ ಗುರುತು ಬಿಟ್ಟರೆ ಆಚೆಗೆ ಒಂದು ಹೆಜ್ಜೆಯೂ ಇಲ್ಲ. ಆದರೆ ಮುಂದಿನ ಗೋಡೆಯ ಮೇಲೆ ಎರಡು ಅಂಗೈ ಒತ್ತಿದ್ದವು. ನನ್ನ ಕೈಗಿಂತ ಅಗಲವಾದ ಕೈಗಳು. ಭಾವ ನನ್ನ ರಟ್ಟೆ ಹಿಡಿದು ಲಾರಿಯಿಂದ ದೂರಕ್ಕೆ ಎಳೆದುಕೊಂಡು ಬಂದರು.

ಆಮೇಲೆ ಅವರು ಹಿರಿಯೂರಿಗೆ ಹೋಗಿ ವಿಚಾರಿಸಿ ಬಂದರು. ಸಾಹುಕಾರರು ಲಾರಿ ಕೊಳ್ಳುವ ಮೊದಲು, ಮೂಟೆ ಹೊರುವ ಹಮಾಲಿಯೊಬ್ಬ ಉಂಡು ಆ ಪೆಟ್ಟಿಗೆಯೊಳಗೆ ಒರಗಿದ್ದಾಗ ಚಿಲಕ ಬಿದ್ದಿತ್ತಂತೆ. ಬಡಿತ ಕೇಳಿದವರು ಮೂಟೆ ಸರಿಸುತ್ತಿದ್ದಾನೆ ಎಂದುಕೊಂಡರಂತೆ. ತೆಗೆಯುವಷ್ಟರಲ್ಲಿ ಜೀವ ಹೋಗಿತ್ತು.

ಗೋಡೆಯ ಮೇಲಿನ ಆ ಅಂಗೈ ಗುರುತು ಉಜ್ಜಿ ತೆಗೆ ಎಂದರು ಸಾಹುಕಾರರು. ನನಗೆ ಸಿಟ್ಟು ಬಂತು.

"ಅದೊಂದು ನನ್ ಕೈಲಿ ಆಗಲ್ರಿ. ಬೇಕಾದ್ರೆ ಬೇರೆಯೋರ್ನ ಕರೆಸ್ಕಳ್ರಿ," ಅಂದೆ.

ಯಾರನ್ನೂ ಕರೆಸಲಿಲ್ಲ. ಗುರುತಿನ ಮೇಲೆಯೇ ತೆಳುವಾಗಿ ಇನ್ನೊಂದು ವಾರ್ನಿಷ್ ಕೊಟ್ಟು, ಕೈಮುಗಿದು ಬಂದೆ. ಇವತ್ತಿಗೂ ಮುಚ್ಚಿದ ಕದದ ಹಿಂದೆ ಸದ್ದಾದರೆ ಯಾರು ಏನು ಎಂದು ಕೇಳದೆ ಮೊದಲು ತೆಗೆದುಬಿಡುತ್ತೇನೆ. ಆ ಹಮಾಲಿಗೆ ಹೊತ್ತಿಗೆ ಸರಿಯಾಗಿ ಯಾರೂ ಕದ ತೆಗೆಯಲಿಲ್ಲ. ನನಗೆ ಅವನು ತೆಗೆಸಿದ.