ಎಡಕ್ಕೆ ತಿರುಗದ ಕುದುರೆ

ನಮ್ಮ ಟಾಂಗಾದ ಕುದುರೆ ಎಡಕ್ಕೆ ತಿರುಗುತ್ತಿರಲಿಲ್ಲ. ಪುಣೆಯ ರೇಸ್ ಮೈದಾನದಲ್ಲಿ ಬರೀ ಬಲಸುತ್ತು ಓಡಿ ಬೆಳೆದದ್ದು. ಕಾಲು ನೋವಾಗಿ ರೇಸಿನಿಂದ ತೆಗೆದಾಗ, ಅಲ್ಲೇ ಸೈಸನಾಗಿ ಅದರ ಮೈ ತಿಕ್ಕುತ್ತಿದ್ದ ಅಪ್ಪ ಹುಬ್ಬಳ್ಳಿಗೆ ಕರೆತಂದ. ಕಮರಿಪೇಟೆಯ ನಮ್ಮ ಮನೆಯಿಂದ ಹೊರಟರೆ, ಎಡಕ್ಕೆ ಹೋಗಬೇಕಾದಲ್ಲೆಲ್ಲ ಬಲಕ್ಕೆ ಮುಕ್ಕಾಲು ಸುತ್ತು ಹಾಕಿಸುತ್ತಿದ್ದ. ಮಂದಿ ನಿಂತು ನಗುತ್ತಿದ್ದರು.

“ಇಂಗ್ಲಿಷರು ತಂದ್ರು, ರಾಜರು ಸಾಕಿದ್ರು, ಈಗ ಸೇಠಗೋಳು ಓಡಸ್ತಾರ. ಲದ್ದಿ ಬಳ್ಯಾವ್ರು ಮಾತ್ರ ಅವತ್ತಿಂದ ನಾವ” ಎಂದು ರೇಸಿನ ಇತಿಹಾಸವನ್ನು ಅಪ್ಪ ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದ. ಕುದುರೆ ಗೆದ್ದರೆ ಹಗ್ಗ ಹಿಡಿದು ಎಲ್ಲರ ಮುಂದೆ ನಡೆಸುವವನು ಮಾಲೀಕ. ಫೋಟೋಕ್ಕೆ ಅಡ್ಡ ಬರದಂತೆ ಸೈಸ ಪಕ್ಕಕ್ಕೆ ಸರಿಯಬೇಕು. ಅದು ಅಲ್ಲಿಯ ರಿವಾಜು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನಾನು ವಿದ್ಯಾನಗರದಲ್ಲಿ ಪಿಯುಸಿ ಓದುತ್ತಿದ್ದೆ. ಗೆಳತಿಯರು ನೋಡಿಯಾರೆಂದು ಕಾಲೇಜಿಗೆ ಇನ್ನೂ ದೂರವಿರುವಾಗಲೇ ಬೇವಿನ ಮರದ ಕೆಳಗೆ ಟಾಂಗಾ ನಿಲ್ಲಿಸಲು ಹೇಳಿ ಇಳಿಯುತ್ತಿದ್ದೆ. ಅಪ್ಪ ಒಂದು ದಿನವೂ ಯಾಕೆಂದು ಕೇಳಲಿಲ್ಲ. ಎಂಥ ಸೊಕ್ಕು ನನ್ನದು!

ವಾರ್ಷಿಕ ಪರೀಕ್ಷೆಯ ಮೊದಲ ದಿನ ದಾರಿಯಲ್ಲಿ ಲಾಳ ಕಳಚಿತು. ಬಡಿಸಿಕೊಂಡು ಹೊರಡುವಷ್ಟರಲ್ಲಿ ಗೇಟು ಮುಚ್ಚುವ ಹೊತ್ತಾಗಿತ್ತು. ನನಗೆ ಅಳುವೇ ಬಂತು. ಅಪ್ಪ ಚಾಟಿ ಎತ್ತಲಿಲ್ಲ, ಲಗಾಮು ಸಡಿಲ ಬಿಟ್ಟು ಬಾಯಲ್ಲಿ ಏನೋ ಸದ್ದು ಮಾಡಿದ. ಹಳೆಯ ಓಟ ನೆನಪಾಯಿತೇನೋ, ಕುದುರೆ ಕಿವಿ ಹಿಂದಕ್ಕೆ ಮಾಡಿ ಹಾರಿತು. ಅಷ್ಟು ಜೋರಿನಲ್ಲಿ ಬಂದರೂ ಅಪ್ಪ ಬೇವಿನ ಮರದ ಕೆಳಗೆ ತಾನಾಗಿಯೇ ನಿಲ್ಲಿಸಿಬಿಟ್ಟ.

“ಇಳಿ, ಲಗೂ ಓಡು.”

“ಬ್ಯಾಡಪ್ಪಾ, ಗೇಟಿನ ತನಕಾ ನಡಿ!”

“ಮಂದಿ ಅದಾರ...”

“ಇರ್ಲಿ, ನಡಿ!”

ಗೇಟು ಎಡಕ್ಕಿತ್ತು. ಎಲ್ಲರೆದುರು ನಮ್ಮ ಕುದುರೆ ಬಲಕ್ಕೆ ಮುಕ್ಕಾಲು ಸುತ್ತು ಸುತ್ತಿ ನನ್ನನ್ನು ಗೇಟಿಗೆ ಮುಟ್ಟಿಸಿತು. ಹುಡುಗಿಯರು ಹೋ ಎಂದರು. ನಾನು ಒಳಗೆ ಹೋದ ಮೇಲೆ ಗೇಟು ಹಾಕಿದರು.

ನಾನು ಇವತ್ತು ಏನಾಗಿದ್ದೇನೋ ಅದಕ್ಕೆ ಆ ಸುತ್ತೇ ಕಾರಣ. ಆ ಕುದುರೆಯ ಋಣ, ಅಪ್ಪನ ಋಣ ನನ್ನ ಮೇಲಿದೆ.

ಪರೀಕ್ಷೆ ಮುಗಿಸಿ ಹೊರಗೆ ಬಂದರೆ ಗೇಟಿನ ಹತ್ತಿರ ಟಾಂಗಾ ಇರಲಿಲ್ಲ. ಅಪ್ಪ ಮತ್ತೆ ಬೇವಿನ ಮರಕ್ಕೆ ಸರಿದು ಕಾಯುತ್ತಿದ್ದ. ನಾನು ಟಾಂಗಾ ಹತ್ತಲಿಲ್ಲ. ಅಪ್ಪನನ್ನು ಮೇಲೇ ಕೂಡಿಸಿ, ಕುದುರೆಯ ಲಗಾಮು ಹಿಡಿದು, ಗೆಳತಿಯರು ನಿಂತಿದ್ದ ಗೇಟಿನ ಮುಂದೆ ನಡೆಸಿಕೊಂಡು ಹೋದೆ.

“ಬಿಡವ್ವಾ, ಎಲ್ಲಾರೂ ನೋಡಾಕತ್ತಾರ” ಎಂದ ಅಪ್ಪ.

“ನೋಡ್ಲಿ. ನೀ ನೆಟ್ಟಗ ಕೂಡು.”