ಮುಂಚೆ ಇದ್ದವರು

ಅಚ್ಚುಕೂಟದಲ್ಲಿ ಎಲ್ಲರೂ ಅವನನ್ನು ಕಾಮಾ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಪ್ರೂಫ್ ತಿದ್ದಿದವನು. ಮಾತಾಡುವವರನ್ನೂ ವಾಕ್ಯದ ನಡುವಿನ ಕಾಮಾ ಚಿಹ್ನೆಯಂತೆ ತಡೆದು ತಿದ್ದುತ್ತಿದ್ದ. ಹೆತ್ತವರು ಯಾರೆಂದು ಅವನಿಗೆ ತಿಳಿಯದು. ಮೂರು ವರ್ಷದವನಾಗಿದ್ದಾಗ ಅಚ್ಚುಕೂಟದ ಮೆಟ್ಟಿಲ ಮೇಲೆ ಅಳುತ್ತಿದ್ದವನನ್ನು ಬೈಂಡಿಂಗ್ ಕೆಲಸದ ಹೆಂಗಸೊಬ್ಬಳು ಎತ್ತಿಕೊಂಡು ಹೋದಳು. ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದ. ಅಂಟಿನ ವಾಸನೆ ಹೋಗದ ಕೈಯಲ್ಲೇ ತುತ್ತು ಕೊಟ್ಟು ಬೆಳೆಸಿದಳು. ಹದಿನೆಂಟರ ಸಿಟ್ಟಿನಲ್ಲಿ ಅವನು, "ನೀನೇನು ನನ್ನ ಹೆತ್ತವಳಾ?" ಎಂದುಬಿಟ್ಟ. ಆ ಮಾತನ್ನು ಅವನು ಹಿಂದಕ್ಕೆ ತೆಗೆದುಕೊಳ್ಳುವ ಮೊದಲೇ ಅವಳು ತೀರಿಕೊಂಡಳು.

ಅವನ ಕೊನೆಯ ಕೆಲಸ ಒಂದು ಇಂಗ್ಲಿಷ್-ಕನ್ನಡ ನಿಘಂಟು. ಪೂರ್ವಿಕರು ಎಂಬರ್ಥದ 'ಫೋರ್‌ಬೇರ್' ಪದದ ಮೂಲವನ್ನು ಅವನೇ ಬರೆದಿದ್ದ: ಫೋರ್ ಎಂದರೆ ಮುಂಚೆ, ಬೇರ್ ಎಂದರೆ ಹೆರು, ಮುಂಚೆ ಹೆತ್ತವರು. "ಬೇರು ನಮ್ದೇ ಪದ ಅಲ್ವಾ ಸಾರ್?" ಎಂದು ಮೆಷಿನ್ ಮೇಸ್ತ್ರಿ ನಕ್ಕಿದ್ದ.

ಕಾಯಿಲೆ ಬಲಿತು ಆಸ್ಪತ್ರೆ ಸೇರಿದ ಮೇಲೆ, ಅವನ ಪಕ್ಕದ ಮೇಜಿನಲ್ಲಿ ಪ್ರೂಫ್ ನೋಡುತ್ತಿದ್ದ ನಾನು ಒಯ್ದುಕೊಟ್ಟ ದಪ್ಪ ಇಂಗ್ಲಿಷ್ ಕೋಶದಲ್ಲಿ ಅದೇ ಪದ ನೋಡಿದ. ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡ.

"ತಪ್ಪಾಗಿದೆ ಕಣೋ. ಈ ಬೇರ್ ಹೆರೋದಲ್ಲ. 'ಬಿ' ಅಂದ್ರೆ ಇರು. ಅದಕ್ಕೆ 'ಅರ್' ಸೇರಿ ಬಿ-ಅರ್, ಇರುವವರು. ಹಳೇ ಸ್ಕಾಟ್ಲೆಂಡಿನವರ ಮಾತು. ಮುಂಚೆ ಇದ್ದವರು, ಅಷ್ಟೇ."

"ಹೋಗ್ಲಿ ಬಿಡೋ, ಒಂದು ಪದ."

"ಬಿಡೋದೇನು? ಹೆರಬೇಕಾಗಿಲ್ಲ, ಇದ್ರೆ ಸಾಕು ಅಂತಿದೆ. ದೊಡ್ಡಮ್ಮ ಇದ್ದಳಲ್ಲೋ! ಅವಳಿಗೆ ಇನ್ನೊಂದ್ಸಲ ಅದೇ ಮಾತು ಅಂದಹಾಗಾಯ್ತು, ಅದೂ ಅಚ್ಚಲ್ಲಿ. ಓಡು, ತಿದ್ದಿಸು."

ಓಡಿದೆ. ಮೇಸ್ತ್ರಿ ಮಸಿ ಕೈ ಒರೆಸಿಕೊಂಡ. "ಆ ಪುಟಗಳ ಫಾರಂ ನಿನ್ನೆನೇ ಅಚ್ಚಾಗಿ ಮುಗೀತು ಸಾರ್. ಬೈಂಡಿಂಗಿಗೂ ಹೋಯ್ತು." ಕೊನೆಯಲ್ಲಿ ತಪ್ಪು-ಒಪ್ಪು ಪಟ್ಟಿಯಾದರೂ ಹಾಕಿ ಎಂದು ಮಾಲೀಕರನ್ನು ಬೇಡಿದೆ, ಕಾಲು ಹಿಡಿಯುವುದೊಂದು ಬಾಕಿ. "ಒಂದು ಪದಕ್ಕೆ ಒಂದು ಹಾಳೇನಾ?" ಎಂದು ಎದ್ದುಹೋದರು.

ಹಿಂದಿರುಗಿದಾಗ ಅವನ ಕಣ್ಣು ಬಾಗಿಲಲ್ಲೇ ಇತ್ತು.

"ತಿದ್ದಿಸ್ದಾ?"

"ತಿದ್ದಿಸ್ದೆ."

ಅವನು ಕೈ ಚಾಚಿದ. "ಪ್ರೂಫ್ ಕೊಡು."

ಮೂವತ್ತು ವರ್ಷ ಯಾರ ಬಾಯಿಮಾತನ್ನೂ ನಂಬದೆ ಬದುಕಿದವನು; ಅದನ್ನು ನಾನು ಮರೆತಿದ್ದೆ. ನಾಳೆ ತರುತ್ತೇನೆ ಎಂದೆ. ಅವನು ನನ್ನ ಮುಖವನ್ನು ಎಡದಿಂದ ಬಲಕ್ಕೆ ಒಮ್ಮೆ ಓದಿದ. ಚಾಚಿದ ಕೈ ಸೋತು ಬೀಳುವವರೆಗೂ ಹಾಗೇ ಇತ್ತು.

ಮರುದಿನ ಮಧ್ಯಾಹ್ನ ತೀರಿಹೋದ. ನಿಘಂಟು ಈಗ ಅಂಗಡಿಗಳಲ್ಲಿದೆ. ಮುಂಚೆ ಹೆತ್ತವರು ಎಂದೇ ಇದೆ.